ನಾಯಕಿಯ ಚೀಲದಲ್ಲಿ ಏನಿತ್ತು?

(ಮಹಿಳೆಯರ ಒಂದು ಓದುಕೂಟದಲ್ಲಿ ಆಡಿದ ಮಾತು. ಬರೆದುಕೊಳ್ಳುವಾಗ ಕೆಲವು ಕಡೆ ಹಿಗ್ಗಿದೆ, ಕೆಲವು ಕಡೆ ಕುಗ್ಗಿದೆ. ನಡುವೆ ಸಭೆಯಿಂದ ಬಂದ ಮಾತುಗಳನ್ನು ಹಾಗೇ ಉಳಿಸಿದ್ದೇನೆ.)

ಒಂದು ಗಂಟೆಯಿಂದ ನೀವೆಲ್ಲ ಒಬ್ಬೊಬ್ಬರಾಗಿ ಎದ್ದು ನಿಮ್ಮ ಮೆಚ್ಚಿನ ನಾಯಕಿಯ ಹೆಸರು ಹೇಳಿದಿರಿ. ನಾನು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಮೊದಲ ಸುತ್ತಿನಲ್ಲಿ ಬಂದವರು ಮೇರಿ ಕ್ಯೂರಿ, ಝಾನ್ಸಿ ರಾಣಿ, ಕಲ್ಪನಾ ಚಾವ್ಲಾ, ಮದರ್ ತೆರೇಸಾ, ಮತ್ತೆ ಮೇರಿ ಕ್ಯೂರಿ. ಸಾಮಾನ್ಯ ಜ್ಞಾನದ ಪರೀಕ್ಷೆಗೆ ಉತ್ತರ ಕೊಟ್ಟ ಹಾಗಿತ್ತು. ತಪ್ಪು ಹೇಳಿಬಿಟ್ಟೇವು ಅನ್ನುವ ಎಚ್ಚರ ಎಲ್ಲರ ದನಿಯಲ್ಲೂ ಇತ್ತು. ‘ಅದಿರಲಿ, ನಿಜವಾಗಿ ಯಾರು?’ ಅಂತ ಎರಡನೇ ಸುತ್ತು ಕೇಳಿದಾಗ ಸಭೆಯ ಸದ್ದೇ ಬದಲಾಯಿತು. ಒಬ್ಬರು ದ್ರೌಪದಿ ಅಂದರು. ಒಬ್ಬರು ನೋರಾ ಅಂದರು. ಒಬ್ಬರು ಅಕ್ಕ ಅಂದರು, ಬರೀ ಅಕ್ಕ, ಮುಂದೆ ಮಹಾದೇವಿ ಅಂತ ಸೇರಿಸಲೂ ಇಲ್ಲ. ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, ‘ನನ್ನವಳು ನಿಜದವಳಲ್ಲ ಮೇಡಂ, ಕಥೆಯವಳು, ಹೇಳಿದರೆ ನಗುತ್ತೀರಿ’ ಅಂದು ಕೂತುಬಿಟ್ಟಳು. ಹೆಸರು ಹೇಳಲಿಲ್ಲ. ಅವಳ ಕಡೆಗೆ ಆಮೇಲೆ ಬರುತ್ತೇನೆ.

ನಾಯಕಿ ಅನ್ನುವ ಪದವೇ ನಮಗೊಂದು ತೊಡಕು. ಆ ಪದ ಬಾಯಿಗೆ ಬಂದ ಕೂಡಲೇ ಪಕ್ಕದಲ್ಲೊಬ್ಬ ನಾಯಕ ಬಂದು ನಿಲ್ಲುತ್ತಾನೆ. ‘ಆದರ್ಶ ಮಹಿಳೆ’ ಅಂದರೆ ಶಾಲೆಯ ಪ್ರಬಂಧದ ವಾಸನೆ. ‘ವೀರವನಿತೆ’ ಅಂದರೆ ಕೈಗೊಂದು ಕತ್ತಿ, ಕೆಳಗೊಂದು ಕುದುರೆ ಬೇಕು. ಇನ್ನೂ ಒಂದು ತಮಾಷೆ ಗಮನಿಸಿ. ನಿಜವಾಗಿ ಬಾಳಿದವರನ್ನು ನೀವು ‘ಅವರು’ ಅಂದಿರಿ, ಕಥೆಯವರನ್ನು ‘ಅವಳು’ ಅಂದಿರಿ. ಗೌರವವೆಲ್ಲ ಆ ಕಡೆ, ಸಲಿಗೆಯೆಲ್ಲ ಈ ಕಡೆ. ‘ಅವರು’ ಅಂದವರ ಫೋಟೋಗೆ ಹಾರ ಹಾಕುತ್ತೇವೆ. ಕಷ್ಟ ಬಂದಾಗ ರಾತ್ರಿ ನೆನಪಾಗುವವಳು ಮಾತ್ರ ‘ಅವಳು’. ಅಕ್ಕ ಒಬ್ಬಳೇ ಎರಡೂ ಕಡೆ ಸಲ್ಲುತ್ತಾಳೆ. ಅವಳ ಹೆಸರೇ ಒಂದು ಸಂಬಂಧ.

ನನಗೊಂದು ದುರಭ್ಯಾಸವಿದೆ. ಯಾವ ನಾಯಕಿಯ ಕಥೆ ಕೇಳಿದರೂ ಅವಳು ಹೆಸರಾದ ಆ ದಿನ ಮನೆಯಿಂದ ಹೊರಡುವಾಗ ಚೀಲದಲ್ಲಿ ಏನಿಟ್ಟುಕೊಂಡಿದ್ದಳು ಅಂತ ಯೋಚನೆ ಬರುತ್ತದೆ. ಇವತ್ತಿನ ಮಾತೂ ಅಷ್ಟರ ಸುತ್ತಲೇ.

ರೋಸಾ ಪಾರ್ಕ್ಸ್ ಕಥೆ ನಿಮಗೆ ಗೊತ್ತು. 1955ರ ಡಿಸೆಂಬರ್ 1, ಅಮೆರಿಕದ ಮಾಂಟ್ಗೊಮರಿ ನಗರ. ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡು ಅಂದರೆ ಆಕೆ ಏಳಲಿಲ್ಲ, ಪೊಲೀಸರು ಹಿಡಿದುಕೊಂಡು ಹೋದರು. ನಾನು ಚಿಕ್ಕವಳಾಗಿದ್ದಾಗ ಓದಿದ ಪಾಠದಲ್ಲಿ ಆಕೆ ಒಬ್ಬ ಬಡ ದರ್ಜಿ, ಮುದುಕಿ, ದಿನವಿಡೀ ಹೊಲಿದು ಕಾಲು ನೋಯುತ್ತಿತ್ತು, ಅದಕ್ಕೇ ಏಳಲಿಲ್ಲ. ಓದಿ ನನಗೂ ಅಯ್ಯೋ ಅನ್ನಿಸಿತ್ತು. ಅದು ಅರ್ಧ ಕಥೆ ಅಂತ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಹೊಲಿಗೆ ಕೆಲಸ ಮಾಡುತ್ತಿದ್ದದ್ದು ನಿಜ. ಆದರೆ ಅವರಿಗೆ ಆಗ 42 ವರ್ಷ, ಮುದುಕಿಯೇನಲ್ಲ. ಕಪ್ಪು ಜನರ ಹಕ್ಕಿನ ಸಂಘಟನೆಯ ನಗರ ಶಾಖೆಗೆ 1943ರಿಂದ ಕಾರ್ಯದರ್ಶಿ. 1944ರಲ್ಲಿ ರೀಸಿ ಟೇಲರ್ ಎಂಬ ಕಪ್ಪು ಮಹಿಳೆಯ ಮೇಲೆ ಬಿಳಿಯರ ಗುಂಪೊಂದು ಅತ್ಯಾಚಾರ ಎಸಗಿದಾಗ, ಹೋಗಿ ವಿಚಾರಿಸಿ ಬರೆದುಕೊಂಡು ಬಂದವರು ಇವರೇ. ಬಸ್ಸಿನಲ್ಲಿ ಕೂರುವುದಕ್ಕೆ ಕೆಲವೇ ತಿಂಗಳ ಮುಂಚೆ ಹೈಲ್ಯಾಂಡರ್ ಎಂಬ ಶಾಲೆಗೆ ಹೋಗಿ, ಬಿಳಿಯರ ಜೊತೆ ಸಮನಾಗಿ ಕೂತು, ಕಪ್ಪು ಜನರನ್ನು ಬಿಳಿಯರಿಂದ ಬೇರೆ ಇಡುವ ಪ್ರತ್ಯೇಕತೆಯ ನಿಯಮಗಳನ್ನು ಮುರಿಯುವುದು ಹೇಗೆ ಅನ್ನುವ ತರಬೇತಿ ಪಡೆದಿದ್ದರು. ಹನ್ನೆರಡು ವರ್ಷದ ಹಿಂದೆ ಅದೇ ಡ್ರೈವರ್ ಇವರನ್ನು ಬಸ್ಸಿನಿಂದ ಇಳಿಸಿದ್ದ. ನನಗಾಗಿದ್ದ ದಣಿವೆಲ್ಲ ತಲೆಬಾಗಿ ಬಾಗಿ ಆದದ್ದು ಅಂತ ಅವರೇ ಆಮೇಲೆ ಬರೆದಿದ್ದಾರೆ.

ಆ ತರಬೇತಿ, ಆ ದಾಖಲೆ, ಆ ಸಿಟ್ಟನ್ನೆಲ್ಲ ಕಿತ್ತುಹಾಕಿ ಕಾಲುನೋವೊಂದನ್ನೇ ಉಳಿಸಿದವರು ಯಾರು? ಯಾರೋ ಕೂತು ಸಂಚು ಮಾಡಿರಬೇಕಾಗಿಲ್ಲ. ಹೆಂಗಸಿನ ಧೈರ್ಯ ತಾನಾಗಿ ಉಕ್ಕಿದರೆ ಎಲ್ಲರಿಗೂ ಇಷ್ಟ. ಮೊದಲೇ ಯೋಚಿಸಿ, ಕಲಿತು, ಸಿದ್ಧವಾಗಿ ಬಂದದ್ದಾದರೆ ಸ್ವಲ್ಪ ಹೆದರಿಕೆ.

ಅವರನ್ನು ಹಿಡಿದ ರಾತ್ರಿ ನಡೆದದ್ದು ನನಗೆ ಬಸ್ಸಿನ ದೃಶ್ಯಕ್ಕಿಂತ ಹೆಚ್ಚು ಪ್ರಿಯ. ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ ಸುದ್ದಿ ತಿಳಿದ ಕೂಡಲೇ ತನ್ನ ಕಾಲೇಜಿಗೆ ಹೋದರು. ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಜೊತೆಗೊಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಅನ್ನುವ ಕರಪತ್ರ, ಒಂದೇ ಹಾಳೆಯಲ್ಲಿ ಹಲವು ಬರುವ ಹಾಗೆ ಅಚ್ಚುಮಾಡಿ, ಕತ್ತರಿಸಿ, ಕಟ್ಟು ಕಟ್ಟಿ, ಬೆಳಗಾಗುವಷ್ಟರಲ್ಲಿ ಹತ್ತಾರು ಸಾವಿರ. ಬೆಳಿಗ್ಗೆ ತರಗತಿಗೂ ಹೋಗಿ ಪಾಠ ಮಾಡಿದರು. ಸೈಕ್ಲೋಸ್ಟೈಲ್ ಕಂಡವರು ಇಲ್ಲಿ ಯಾರಾದರೂ ಇದ್ದರೆ ಗೊತ್ತಿರುತ್ತದೆ: ಕೈಗೆ ಮೆತ್ತಿದ ಮಸಿ ಎರಡು ದಿನ ಹೋಗುವುದಿಲ್ಲ. ಹಿಂದಿನ ವರ್ಷವೇ ಈಕೆ ಮೇಯರ್‌ಗೆ ಪತ್ರ ಬರೆದು, ಹೀಗೇ ಮುಂದುವರಿದರೆ ಬಸ್ಸು ಬಹಿಷ್ಕಾರ ಮಾಡಬೇಕಾಗುತ್ತದೆ ಅಂತ ಎಚ್ಚರಿಸಿದ್ದರು. ಬಹಿಷ್ಕಾರ 381 ದಿನ ನಡೆಯಿತು. ಮೊದಲ ಸುತ್ತಿನಲ್ಲಿ ಜೋ ಆನ್ ರಾಬಿನ್ಸನ್ ಹೆಸರು ಯಾರೂ ಹೇಳಲಿಲ್ಲ, ಎರಡನೆಯದರಲ್ಲೂ ಇಲ್ಲ. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ, ಹದಿನೈದನೇ ವಯಸ್ಸಿನಲ್ಲಿ, ಅದೇ ಊರಿನ ಬಸ್ಸಿನಲ್ಲಿ ಹಾಗೇ ಏಳದೆ ಕೂತು ಬಂಧನಕ್ಕೆ ಒಳಗಾದ ಕ್ಲಾಡೆಟ್ ಕಾಲ್ವಿನ್ ಹೆಸರೂ ಇಲ್ಲ. ಆ ಹುಡುಗಿಯನ್ನು ಹೋರಾಟದ ಮುಖವಾಗಿ ನಿಲ್ಲಿಸುವುದು ಬೇಡ ಅಂತ ಹಿರಿಯರು ತೀರ್ಮಾನಿಸಿದ್ದರು. ಆದರೂ ಬಸ್ಸಿನ ಪ್ರತ್ಯೇಕತೆಯನ್ನು ಕೊನೆಗೆ ಉರುಳಿಸಿದ ಮೊಕದ್ದಮೆಯಲ್ಲಿ ಫಿರ್ಯಾದಿಯಾಗಿ ನಿಂತ ಹೆಂಗಸರಲ್ಲಿ ಅವಳಿದ್ದಳು.

ಈಗ ಸಾವಿತ್ರಿಬಾಯಿ ಫುಲೆ. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಅವರಿಗೆ ಹದಿನೇಳು. ಪಾಠ ಹೇಳಲು ಹೋಗುವ ದಾರಿಯಲ್ಲಿ ಜನ ಸಗಣಿ ಎರಚುತ್ತಿದ್ದರು, ಮಣ್ಣು ಎರಚುತ್ತಿದ್ದರು. ಅದಕ್ಕೆ ಅವರು ಇನ್ನೊಂದು ಸೀರೆ ಜೊತೆಗಿಟ್ಟುಕೊಂಡು ಹೋಗುತ್ತಿದ್ದರು, ಶಾಲೆ ತಲುಪಿ ಉಟ್ಟುಕೊಳ್ಳಲು. ಈ ಕಥೆ ಹೇಳುವಾಗ ಎಲ್ಲರೂ ಸಗಣಿಯ ಹತ್ತಿರ ನಿಂತುಬಿಡುತ್ತಾರೆ. ನಾನು ಒಂದು ಗಂಟೆ ಹಿಂದಕ್ಕೆ ಹೋಗುತ್ತೇನೆ. ಬೆಳಿಗ್ಗೆ ಮನೆಯಲ್ಲಿ ಆ ಎರಡನೇ ಸೀರೆ ಮಡಿಸುತ್ತಿದ್ದಾರಲ್ಲ, ಆ ಹೊತ್ತಿಗೆ. ಸಗಣಿ ಮೈಮೇಲೆ ಬಿದ್ದಾಗ ಏನೋ ಒಂದು ಆವೇಶ ಬರುತ್ತದೆ, ನಿಭಾಯಿಸಿಬಿಡಬಹುದು. ಬೀಳುತ್ತದೆ ಅಂತ ಗೊತ್ತಿದ್ದೂ, ಇನ್ನೂ ಬೀಳದೆ ಇರುವಾಗ, ಸೆರಗಿನ ಅಂಚಿಗೆ ಅಂಚು ಕೂಡಿಸಿ, ನೆರಿಗೆ ಬೀಳದ ಹಾಗೆ ಮಡಿಸಿ ಎತ್ತಿಟ್ಟುಕೊಳ್ಳುವುದಿದೆಯಲ್ಲ, ಅದು ಬೇರೆ ಜಾತಿಯ ಧೈರ್ಯ. ಸಂಜೆ ಮನೆಗೆ ಬಂದು ಮೊದಲನೇ ಸೀರೆ ಒಗೆದು ಹರವಬೇಕು, ನಾಳೆ ಎರಚಿಸಿಕೊಳ್ಳಲು ಅದೇ ಬೇಕಲ್ಲ. 1897ರಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ನಿಂತು, ಅದೇ ಪ್ಲೇಗಿಗೆ ಅವರು ತೀರಿಹೋದರು. ಆ ಕೊನೆಯನ್ನು ಕೂಡ ಆ ಮಡಿಸಿದ ಸೀರೆಯ ಪಕ್ಕದಲ್ಲಿಟ್ಟೇ ನಾನು ಓದುತ್ತೇನೆ.

ಜುಂಕೊ ತಬೇ ಹೆಸರು ಇಬ್ಬರು ಹೇಳಿದಿರಿ, ಸಂತೋಷವಾಯಿತು. 1975ರ ಮೇ 16ರಂದು ಎವರೆಸ್ಟ್ ಶಿಖರ ಮುಟ್ಟಿದ ಮೊದಲ ಮಹಿಳೆ, ಜಪಾನಿನವರು. ಅದಕ್ಕೆ ಹನ್ನೆರಡು ದಿನ ಮುಂಚೆ ಹಿಮಕುಸಿತದಲ್ಲಿ ಹೂತುಹೋಗಿದ್ದ ಇವರನ್ನು ಶೆರ್ಪಾಗಳು ಎಳೆದು ಹೊರತೆಗೆದಿದ್ದರು. ಹೆಂಗಸರ ತಂಡಕ್ಕೆ ದುಡ್ಡು ಕೊಡುವವರು ಸಿಗದೆ, ಮಕ್ಕಳನ್ನು ನೋಡಿಕೊಂಡು ಮನೆಯಲ್ಲಿರಿ ಅನ್ನಿಸಿಕೊಂಡು, ಪಿಯಾನೊ ಪಾಠ ಹೇಳಿ ಹಣ ಹೊಂದಿಸಿದರು. ಕೈಗವಸಿನ ಮೇಲೆ ಹಾಕುವ ಇನ್ನೊಂದು ಗವಸನ್ನು ಕಾರಿನ ಸೀಟಿನ ಹೊದಿಕೆಯಿಂದ ಹೊಲಿದುಕೊಂಡರು. ಆಮೇಲೆ ಜಗತ್ತೆಲ್ಲ ‘ಮೊದಲ ಮಹಿಳೆ’ ಅಂತ ಕೊಂಡಾಡುವಾಗ, ನಾನು ಎವರೆಸ್ಟ್ ಹತ್ತಿದ ಮೂವತ್ತಾರನೆಯ ಮನುಷ್ಯಳು ಅಷ್ಟೆ ಅನ್ನುತ್ತಿದ್ದರು. ಮೂವತ್ತಾರನೆಯವಳು! ಎಷ್ಟು ಹಗುರಾಗಿ ಹಾರ ತೆಗೆದು ಪಕ್ಕಕ್ಕಿಟ್ಟರು ನೋಡಿ.

ಇನ್ನು ಕಥೆಯವರ ಕಡೆಗೆ. ನೋರಾ ಹೆಸರು ಹೇಳಿದವರು ಎಲ್ಲಿ? ಹಾಂ. ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಗೊಂಬೆಯ ಮನೆ’ 1879ರ ಡಿಸೆಂಬರಿನಲ್ಲಿ ಮೊದಲು ರಂಗಕ್ಕೆ ಬಂತು. ಕೊನೆಯಲ್ಲಿ ನೋರಾ ಗಂಡ, ಮಕ್ಕಳು, ಮನೆ ಬಿಟ್ಟು ಹೊರಡುತ್ತಾಳೆ, ಬಾಗಿಲು ಹಾಕಿಕೊಂಡ ಸದ್ದು ಕೇಳುತ್ತದೆ. ಆ ಸದ್ದಿನ ಬಗ್ಗೆ ಲೋಕವೆಲ್ಲ ಬರೆದಿದೆ. ನಾನು ಆ ನಾಟಕ ಮೊದಲ ಸಲ ಓದಿದಾಗ ಕಣ್ಣು ನಿಂತದ್ದು ಒಂದು ರಂಗಸೂಚನೆಯ ಮೇಲೆ. ಅವಳು ಒಳಗಿನಿಂದ ಒಂದು ಪುಟ್ಟ ಚೀಲ ತಂದು ಕುರ್ಚಿಯ ಮೇಲಿಡುತ್ತಾಳೆ. ಒಳಗೇನಿತ್ತು? ಇಬ್ಸೆನ್ ಹೇಳುವುದಿಲ್ಲ. ಗಂಡಸು ಬರೆದದ್ದಕ್ಕೇ ಹೀಗೆ ಅಂತ ನನ್ನ ಗೆಳತಿಯೊಬ್ಬಳು ರೇಗುತ್ತಾಳೆ, ಹೆಂಗಸು ಬರೆದಿದ್ದರೆ ಮೊದಲು ಚೀಲ ತುಂಬುವ ದೃಶ್ಯವೇ ಬರುತ್ತಿತ್ತಂತೆ. ನಾನು ಪೂರ್ತಿ ಒಪ್ಪುವುದಿಲ್ಲ, ಆದರೆ ಮಾತು ಮರೆತೂ ಇಲ್ಲ.

ಆ ನೋರಾಳ ಹಿಂದೆ ಒಬ್ಬ ನಿಜದ ಹೆಂಗಸಿದ್ದರು. ಲಾರಾ ಕೀಲರ್, ಇಬ್ಸೆನ್‌ಗೆ ಪರಿಚಯದವರು, ಲೇಖಕಿ. ಕ್ಷಯ ಹಿಡಿದ ಗಂಡನನ್ನು ಉಳಿಸಿಕೊಳ್ಳಲು ಗುಟ್ಟಾಗಿ ಸಾಲ ಮಾಡಿದರು. ಸಾಲ ತೀರಿಸಲು ಕಾದಂಬರಿ ಬರೆದು, ಪ್ರಕಾಶಕರಿಗೆ ಶಿಫಾರಸು ಮಾಡಿ ಅಂತ ಇಬ್ಸೆನ್‌ನನ್ನು ಕೇಳಿದರು. ಅವನು ಒಲ್ಲೆ ಅಂದ. ದಿಕ್ಕು ತೋಚದೆ ಸುಳ್ಳು ಸಹಿ ಹಾಕಿದರು, ಸಿಕ್ಕಿಬಿದ್ದರು. ಯಾರನ್ನು ಉಳಿಸಿದ್ದರೋ ಆ ಗಂಡನೇ ಮಕ್ಕಳನ್ನು ಕಿತ್ತುಕೊಂಡು ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಿದ. ಇಬ್ಸೆನ್ ಅದನ್ನೆಲ್ಲ ತೆಗೆದುಕೊಂಡು ನಾಟಕ ಬರೆದ, ಅವನ ನೋರಾ ಬಾಗಿಲು ಹಾಕಿಕೊಂಡು ಹೊರಟಳು. ಲಾರಾ ಮಾತ್ರ ಆಮೇಲೆ ಅದೇ ಗಂಡನ ಮನೆಗೆ, ಮಕ್ಕಳಿರುವಲ್ಲಿಗೆ ವಾಪಸ್ಸು ಹೋದರು. ಬರೆಯುವುದನ್ನು ಬಿಡಲಿಲ್ಲ, 1932ರವರೆಗೆ ಬಾಳಿದರು. ‘ಇಬ್ಸೆನ್‌ನ ನೋರಾ’ ಅಂತ ತನ್ನನ್ನು ಗುರುತಿಸುವುದು ಅವರಿಗೆ ಕೊನೆಗೂ ಹಿಡಿಸಲಿಲ್ಲ.

ಈ ಇಬ್ಬರಲ್ಲಿ ನಿಮ್ಮ ನಾಯಕಿ ಯಾರು? ನಾನು ಇಪ್ಪತ್ತೈದರಲ್ಲಿ ಕಣ್ಣು ಮುಚ್ಚಿಕೊಂಡು ನೋರಾ ಅನ್ನುತ್ತಿದ್ದೆ. ಈಗ ಲಾರಾ ಹಿಂದಿರುಗಿ ಬಂದು ಆ ಮನೆಯ ಬಾಗಿಲು ತಟ್ಟಿದ ಗಳಿಗೆ ನನ್ನನ್ನು ಬಿಡುವುದಿಲ್ಲ. ಹೊರಡುವ ಬಾಗಿಲಿನ ಸದ್ದು ಊರಿಗೆಲ್ಲ ಕೇಳಿಸಿತು, ಒಳಬರುವಾಗಿನ ಸದ್ದನ್ನು ಯಾವ ನಾಟಕವೂ ಬರೆದುಕೊಳ್ಳಲಿಲ್ಲ. ನೋರಾಳನ್ನೂ ಲೋಕ ಸುಮ್ಮನೆ ಹೋಗಗೊಡಲಿಲ್ಲವೆನ್ನಿ. ಜರ್ಮನಿಯಲ್ಲಿ ನಾಟಕ ಆಡಿಸುವಾಗ ನೋರಾಳ ಪಾತ್ರದ ನಟಿಯೇ, ಮಕ್ಕಳನ್ನು ಬಿಟ್ಟುಹೋಗುವ ತಾಯಿಯಾಗಿ ನಾನು ನಿಲ್ಲಲಾರೆ ಅಂದಳು. ಬೇರೆಯವರು ತಿದ್ದುವುದಕ್ಕಿಂತ ತಾನೇ ತಿದ್ದುವುದು ಮೇಲು ಅಂತ ಇಬ್ಸೆನ್ ಬೇರೊಂದು ಕೊನೆ ಬರೆದುಕೊಟ್ಟ: ಮಲಗಿರುವ ಮಕ್ಕಳನ್ನು ಕಂಡು ನೋರಾ ಕುಸಿಯುತ್ತಾಳೆ. ಅದನ್ನು ನಾಟಕದ ಮೇಲೆ ನಡೆದ ಅನಾಗರಿಕ ದೌರ್ಜನ್ಯ ಅಂತ ಅವನೇ ಬೈದುಕೊಂಡ.

ದ್ರೌಪದಿಯ ಕೈಯಲ್ಲಿ ಏನೂ ಇರಲಿಲ್ಲ. ಕರೆಯಲು ಬಂದವನನ್ನು ಹಿಂದಕ್ಕೆ ಕಳಿಸಿದಳು, ಹೋಗಿ ಕೇಳಿಕೊಂಡು ಬಾ, ಮೊದಲು ತನ್ನನ್ನು ಸೋತನೋ ನನ್ನನ್ನು ಸೋತನೋ ಅಂತ. ಶುದ್ಧ ಕಾನೂನಿನ ಪ್ರಶ್ನೆ. ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬಳನ್ನು ಪಣಕ್ಕಿಡಲು ಹಕ್ಕೆಲ್ಲಿ? ಭೀಷ್ಮ ಧರ್ಮ ಸೂಕ್ಷ್ಮ ಅಂದ. ಆ ಸಭೆಯಲ್ಲಿ ಇನ್ನೂ ಉತ್ತರ ಬಂದಿಲ್ಲ. ಸೀರೆ ಬೆಳೆದದ್ದು ಚಿತ್ರಪಟವಾಯಿತು, ಪ್ರಶ್ನೆಗೆ ಚಿತ್ರ ಬರೆಯಲು ಬರುವುದಿಲ್ಲ. ಅದಕ್ಕೇ ಇರಬೇಕು, ಹೆಚ್ಚಿನವರಿಗೆ ನೆನಪಿರುವುದು ಸೀರೆಯೊಂದೇ.

ಅಕ್ಕನ ವಿಷಯಕ್ಕೆ ಬಂದರೆ ನನ್ನ ಚೀಲದ ಲೆಕ್ಕವೇ ತಪ್ಪಿಹೋಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕೌಶಿಕ ರಾಜನ ಅರಮನೆಯಿಂದ ಹೊರಟವಳು ಚೀಲ ಹಾಗಿರಲಿ, ಮೈಮೇಲಿನ ಬಟ್ಟೆಯನ್ನೂ ಅಲ್ಲೇ ಬಿಟ್ಟಳು ಅಂತ ಪರಂಪರೆ ಹೇಳುತ್ತದೆ. ಕಲ್ಯಾಣಕ್ಕೆ ಬಂದರೆ ಅಲ್ಲಮ ಸುಮ್ಮನೆ ಒಳಗೆ ಬಿಡಲಿಲ್ಲ. ಬಟ್ಟೆ ಬಿಟ್ಟವಳು ಕೂದಲಿಂದ ಮೈ ಮುಚ್ಚಿಕೊಂಡದ್ದೇಕೆ ಅಂತ ಚುಚ್ಚಿ ಕೇಳಿದ. ಮಾತಿಗೆ ಮಾತು ಕೊಟ್ಟೇ ಅವಳು ಒಳಗೆ ಬಂದಳು. ಅಕ್ಕ ಅಂದರೆ ಸಾಕು ಅಂದವರೇ, ನಿಮ್ಮನ್ನು ಒಂದು ಕೇಳಬೇಕಿತ್ತು: ಅವಳನ್ನು ಮೆಚ್ಚಿಕೊಳ್ಳುವುದು ಇಷ್ಟು ಸುಲಭವಾಗಿರುವುದು ಅವಳು ಎಂಟುನೂರು ವರ್ಷ ದೂರದಲ್ಲಿರುವುದಕ್ಕೋ? ಇವತ್ತು ಹಾಗೆ ಒಬ್ಬಳು ಈ ಬಾಗಿಲಲ್ಲಿ ಬಂದು ನಿಂತರೆ ನಾವು ಮಾಡುವ ಮೊದಲ ಕೆಲಸ ಏನು? ನನ್ನ ಉತ್ತರ ನನಗೆ ಇಷ್ಟವಾಗಲಿಲ್ಲ, ಹೇಳುವುದಿಲ್ಲ.

(ಇಲ್ಲಿ ಸಭೆಯಲ್ಲಿ ಸ್ವಲ್ಪ ಹೊತ್ತು ಗಲಾಟೆ. ಹಿರಿಯರೊಬ್ಬರು ಎದ್ದು, ‘ನೀವು ಹೇಳುವವರೆಲ್ಲ ಹೊರಟವರು, ಎದುರು ನಿಂತವರು. ನನಗೆ ಹೆದರಿಕೆ ಜಾಸ್ತಿ. ಹೆದರಿದವರಲ್ಲಿ ನಾಯಕಿ ಇಲ್ಲವೇನಮ್ಮ?’ ಅಂದರು.)

ಇದ್ದಾಳೆ ಅಮ್ಮ. ಗ್ರೀಕ್ ನಾಟಕದ ಆಂಟಿಗೊನೆ ಎಲ್ಲರಿಗೂ ಗೊತ್ತು. ರಾಜನ ಆಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಹಾಕಿದವಳು. ಅವಳಿಗೊಬ್ಬ ತಂಗಿ, ಇಸ್ಮೆನೆ. ಬಾ ಅಂತ ಆಂಟಿಗೊನೆ ಕರೆದಾಗ, ನಾವು ಹೆಂಗಸರು, ಗಂಡಸರ ಎದುರು ಹೋರಾಡಲಾರೆವು ಅಂತ ಹಿಂದೆ ಸರಿದಳು. ಆಮೇಲೆ ಅಕ್ಕನನ್ನು ಹಿಡಿದು ತಂದಾಗ ಮುಂದೆ ಬಂದು, ನಾನೂ ಮಾಡಿದೆ, ನನ್ನನ್ನೂ ಕೊಲ್ಲಿ ಅಂದಳು. ಆಂಟಿಗೊನೆ ಒಪ್ಪಲಿಲ್ಲ, ನೀನು ಮಾಡಲಿಲ್ಲ, ಪಾಲು ಕೇಳಬೇಡ ಅಂದಳು. ತಡವಾಗಿ ಬಂದ ಧೈರ್ಯವನ್ನು ಅಕ್ಕನೇ ತಳ್ಳಿಬಿಟ್ಟಳು. ನಾಟಕದ ಕೊನೆಯಲ್ಲಿ ಮನೆತನದವರು ಒಬ್ಬೊಬ್ಬರಾಗಿ ಸಾಯುತ್ತಾರೆ, ಇಸ್ಮೆನೆ ಸಾಯುವುದಿಲ್ಲ. ಅವಳು ಮರುದಿನ ಬೆಳಿಗ್ಗೆ ಏಳಬೇಕು. ನೀವು ಕೇಳಿದ್ದರಿಂದ ಹೇಳುತ್ತಿದ್ದೇನೆ, ನನ್ನ ಎರಡನೇ ಸುತ್ತಿನ ಉತ್ತರ ಇಸ್ಮೆನೆ.

ಮೇರಿ ಕ್ಯೂರಿಗೆ ಎರಡು ಸಲ ಓಟು ಬಿದ್ದಿದೆ, ಬಿಟ್ಟರೆ ತಪ್ಪಾಗುತ್ತದೆ. 1911ರಲ್ಲಿ ಎರಡನೇ ನೊಬೆಲ್ ಬಂದಾಗ ಅವರ ಮೇಲೆ ಪತ್ರಿಕೆಗಳು ಮುಗಿಬಿದ್ದಿದ್ದವು. ಗಂಡ ಸತ್ತು ಐದು ವರ್ಷವಾಗಿತ್ತು, ಮದುವೆಯಾದ ಸಹೋದ್ಯೋಗಿಯೊಬ್ಬನ ಜೊತೆಗಿನ ಪ್ರೇಮ ಬಯಲಾಗಿತ್ತು. ಪ್ರಶಸ್ತಿ ಪಡೆಯಲು ಬರುವುದು ಬೇಡ ಅಂತ ಸ್ವೀಡನ್‌ನಿಂದ ಒಂದು ಪತ್ರ ಬಂತು. ಪ್ರಶಸ್ತಿ ಕೊಟ್ಟದ್ದು ರೇಡಿಯಂ ಪೊಲೊನಿಯಂ ಕಂಡುಹಿಡಿದದ್ದಕ್ಕೆ, ಅದಕ್ಕೂ ನನ್ನ ಖಾಸಗಿ ಬದುಕಿಗೂ ಸಂಬಂಧವಿಲ್ಲ ಅಂತ ಬರೆದು, ಹೋಗಿ ತೆಗೆದುಕೊಂಡು ಬಂದರು. ಮಗಳು ಈವ್ ಬರೆದ ಹೆಸರಾಂತ ಜೀವನಚರಿತ್ರೆ ಆ ಪ್ರೇಮವನ್ನು ಬಿಚ್ಚಿ ಹೇಳುವುದೇ ಇಲ್ಲ. ಮಗಳ ಕಷ್ಟ ಅರ್ಥವಾಗುತ್ತದೆ. ನಮಗೆ ಮಾತ್ರ ಆ ಪತ್ರದ ಬಲ ತಿಳಿಯದೇ ಹೋಯಿತು.

ವಂಗಾರಿ ಮಾಥಾಯ್ ಬಗ್ಗೆ ಒಂದೇ ಮಾತು, ಕನ್ನಡದವರಿಗೆ ಬೇಗ ಅರ್ಥವಾಗುವಂಥದ್ದು. ಕೀನ್ಯಾದಲ್ಲಿ ಮರ ನೆಡುವ ಚಳವಳಿ ಕಟ್ಟಿ 2004ರಲ್ಲಿ ಶಾಂತಿ ನೊಬೆಲ್ ಪಡೆದವರು. ವಿಚ್ಛೇದನವಾದ ಮೇಲೆ, ನನ್ನ ಮನೆತನದ ಹೆಸರು ಬಿಡು ಅಂತ ಗಂಡ ಒತ್ತಾಯಿಸಿದ. ಇವರು ಹೆಸರಿಗೆ ಇನ್ನೊಂದು ‘ಅ’ ಸೇರಿಸಿಕೊಂಡರು. ಮಥಾಯ್ ಇದ್ದದ್ದು ಮಾಥಾಯ್ ಆಯಿತು. ಒಂದು ದೀರ್ಘ ಎಳೆದು ಹೆಸರು ತನ್ನದು ಮಾಡಿಕೊಂಡರು!

ಈಗ ಕೊನೆಯ ಸಾಲಿನ ಹುಡುಗಿಗೆ. ಕಥೆಯವಳು ಅಂದರೆ ನಗುತ್ತೀರಿ ಅಂದೆಯಲ್ಲ, ಕೇಳು. 1966ರಲ್ಲಿ ಅಮೆರಿಕದ ಟಿವಿಯಲ್ಲಿ ‘ಸ್ಟಾರ್ ಟ್ರೆಕ್’ ಶುರುವಾಯಿತು. ಅದರ ಬಾಹ್ಯಾಕಾಶ ನೌಕೆಯಲ್ಲಿ ಉಹುರಾ ಎಂಬ ಅಧಿಕಾರಿ, ಕಪ್ಪು ಹೆಂಗಸು. ಆ ಕಾಲದ ಟಿವಿಯಲ್ಲಿ ಕಪ್ಪು ಹೆಂಗಸಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಮನೆಗೆಲಸದವಳ ಪಾತ್ರ. ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಮೊದಲ ವರ್ಷ ಮುಗಿಯುತ್ತಲೇ ಬಿಟ್ಟುಬಿಡಬೇಕು ಅಂದುಕೊಂಡಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಒಂದು ಸಮಾರಂಭದಲ್ಲಿ ಸಿಕ್ಕಿ, ಬಿಡಬೇಡಿ ಅಂತ ಒಪ್ಪಿಸಿದರು. ಮುಂದೆ ಇದೇ ನಿಕೋಲ್ಸ್ ನಾಸಾದ ಪರವಾಗಿ ಊರೂರು ತಿರುಗಿ, ಹೆಂಗಸರೇ, ಕಪ್ಪು ಜನರೇ, ಗಗನಯಾತ್ರಿಯಾಗಲು ಅರ್ಜಿ ಹಾಕಿ ಅಂತ ಕರೆದರು. 1978ರ ತಂಡಕ್ಕೆ ಮೊದಲ ಬಾರಿಗೆ ಆರು ಮಹಿಳೆಯರು ಆಯ್ಕೆಯಾದರು.

ಆ ಧಾರಾವಾಹಿ ನೋಡಿ ಬೆಳೆದ ಹುಡುಗಿಯೊಬ್ಬಳು ವೈದ್ಯೆಯಾಗಿ, 1992ರ ಸೆಪ್ಟೆಂಬರಿನಲ್ಲಿ ಎಂಡೆವರ್ ನೌಕೆ ಹತ್ತಿದಳು. ಮೇ ಜೆಮಿಸನ್, ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ. ಪಾಳಿ ಶುರುಮಾಡುವಾಗ ಉಹುರಾಳ ಮಾತನ್ನೇ ಹೇಳುತ್ತಿದ್ದರು. ಇವರ ಚೀಲದಲ್ಲಿ ಏನಿತ್ತು ಅನ್ನುವುದಂತೂ ದಾಖಲಾಗಿದೆ. ಆಫ್ರಿಕಾದ ಒಂದು ಶಿಲ್ಪ, ನೃತ್ಯಗಾತಿಯೊಬ್ಬರ ಚಿತ್ರವಿದ್ದ ಪೋಸ್ಟರ್, ಮತ್ತು ಬೆಸ್ಸಿ ಕೋಲ್ಮನ್‌ರ ಫೋಟೋ. ಕೋಲ್ಮನ್ ಉಗುರಿಗೆ ಬಣ್ಣ ಹಚ್ಚುವ ಕೆಲಸದಲ್ಲಿದ್ದವರು. ಅಮೆರಿಕದ ಯಾವ ವಿಮಾನ ಶಾಲೆಯೂ ಸೇರಿಸಿಕೊಳ್ಳಲಿಲ್ಲವೆಂದು ಫ್ರೆಂಚ್ ಕಲಿತು, ಫ್ರಾನ್ಸಿಗೆ ಹೋಗಿ, 1921ರಲ್ಲಿ ಪೈಲಟ್ ಪರವಾನಗಿ ಪಡೆದರು. 1926ರಲ್ಲಿ ವಿಮಾನದಿಂದ ಬಿದ್ದು ತೀರಿಹೋದರು. ಜೆಮಿಸನ್‌ಗೆ ಚಿಕ್ಕಂದಿನಲ್ಲಿ ಈ ಹೆಸರನ್ನು ಯಾರೂ ಹೇಳಿರಲಿಲ್ಲ. ಬೆಳೆಯುವಾಗಲೇ ಇವರ ಬಗ್ಗೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅವರು ಆಮೇಲೆ ಬರೆದರು. ನಿಜದವಳನ್ನು ಬಚ್ಚಿಟ್ಟಿದ್ದ ಆ ವರ್ಷಗಳಲ್ಲಿ ಅವರ ಕೈಗೆ ಸಿಕ್ಕವಳು ಉಹುರಾ.

ಮೈಕ್ ಹಿಂದಕ್ಕೆ ಕೊಡಿ. ಈಗ ಹೇಳಮ್ಮ, ನಿನ್ನವಳ ಹೆಸರೇನು?